ಕಾರ್ಡು ಕೊಟ್ಟ ಮೇಲೆ ಯಾರು ನೋಡಬೇಕು?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ಸಿಕಲ್ ಸೆಲ್ ರಕ್ತರೋಗ ನಿರ್ಮೂಲನಾ ಅಭಿಯಾನಕ್ಕೆ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿಯಿದೆ. ಪರೀಕ್ಷೆ ಬೇಕೇ ಬೇಕು. ಆದರೆ ಪರೀಕ್ಷೆಯ ಫಲಿತಾಂಶ ಬರೆದ ಕಾರ್ಡು ಕೈಗಿತ್ತ ಮಾತ್ರಕ್ಕೆ ರೋಗಿಯ ಆಯಸ್ಸು ಒಂದು ದಿನವೂ ಹೆಚ್ಚುವುದಿಲ್ಲ. ಹೆಚ್ಚಿಸುವುದು ಆಮೇಲಿನ ಹತ್ತಿಪ್ಪತ್ತು ವರ್ಷಗಳ ಆರೈಕೆ. ಜಮೈಕಾದಲ್ಲಿ ದುಡಿದ ಬ್ರಿಟಿಷ್ ವೈದ್ಯ ಗ್ರಹಾಂ ಸರ್ಜೆಂಟ್ ಅವರ ಬದುಕಿನ ಕೆಲಸವೇ ಇದಕ್ಕೆ ಸಾಕ್ಷಿ.

1973ರಿಂದ 1981ರವರೆಗೆ ಕಿಂಗ್‌ಸ್ಟನ್‌ನ ವಿಕ್ಟೋರಿಯಾ ಜೂಬಿಲಿ ಆಸ್ಪತ್ರೆಯಲ್ಲಿ ಹುಟ್ಟಿದ 1 ಲಕ್ಷ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಅವರ ತಂಡ ಪರೀಕ್ಷಿಸಿತು. ರೋಗವಿದ್ದ 300ಕ್ಕೂ ಹೆಚ್ಚು ಮಕ್ಕಳನ್ನು ದೊಡ್ಡವರಾಗುವವರೆಗೂ ಕೈಬಿಡಲಿಲ್ಲ. ಹಾಗೆ ಬೆನ್ನಿಗೆ ನಿಂತದ್ದರಿಂದಲೇ ಎಳೆಯ ಕೂಸುಗಳ ಹಠಾತ್ ಸಾವಿನ ಒಂದು ಮುಖ್ಯ ಕಾರಣ ಸ್ಪಷ್ಟವಾಯಿತು: ಬಾಗಿದ ರಕ್ತಕಣಗಳು ಗುಲ್ಮದಲ್ಲಿ ಸಿಕ್ಕಿಕೊಂಡು, ಕೆಲವೇ ಗಂಟೆಗಳಲ್ಲಿ ಅದು ಊದಿ, ಮೈಯ ರಕ್ತದ ದೊಡ್ಡ ಪಾಲು ಅತ್ತ ಸರಿದುಬಿಡುತ್ತದೆ. ಮಗುವಿನ ಹೊಟ್ಟೆಯ ಎಡಭಾಗ ಮುಟ್ಟಿ ಗುಲ್ಮದ ಊತ ಗುರುತಿಸುವುದನ್ನು ತಂಡ ತಾಯಂದಿರಿಗೆ ಕಲಿಸಿತು. ಅವರು ಹೊತ್ತು ಮೀರುವ ಮುಂಚೆ ಆಸ್ಪತ್ರೆ ಮುಟ್ಟಿದರು, ಮಕ್ಕಳಿಗೆ ರಕ್ತ ಸಿಕ್ಕಿತು. ಈ ತೊಡಕಿನ ಸಾವು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಸಂಶೋಧನೆ ಬೇರೆ, ಶುಶ್ರೂಷೆ ಬೇರೆ ಎನ್ನುವವರು ಈ ಅಧ್ಯಾಯವನ್ನು ಓದಬೇಕು.

ಪುಟ್ಟ ದ್ವೀಪದ ಮಾತು ನಮ್ಮ ಕಾಡಂಚಿನ ಬುಡಕಟ್ಟುಗಳಿಗೆ ಹೊಂದೀತೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಡಿಶಾದ ರೋಗಿಗಳನ್ನು ಜಮೈಕಾದವರೊಂದಿಗೆ ಹೋಲಿಸಿ ಸರ್ಜೆಂಟ್ ಮತ್ತು ಒಡಿಶಾದ್ದೇ ಆದ ಬುರ್ಲಾದ ವೈದ್ಯರು 1986ರಲ್ಲಿ ಪ್ರಕಟಿಸಿದ ಅಧ್ಯಯನವೂ ವ್ಯತ್ಯಾಸಗಳನ್ನು ತೋರಿಸಿತು: ಇಲ್ಲಿಯವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು, ಗುಲ್ಮದ ಊತ ದೊಡ್ಡವರಾದ ಮೇಲೂ ಉಳಿಯುತ್ತದೆ. ಅಂದಮೇಲೆ ಇಲ್ಲಿನ ಮಕ್ಕಳನ್ನು ಇಲ್ಲಿಯೇ, ಹುಟ್ಟಿನಿಂದ, ವರ್ಷಗಟ್ಟಲೆ ನೋಡುವ ರಕ್ತತಜ್ಞರು ಬೇಕೆಂಬ ವಾದವೇ ಬಲವಾಯಿತು. ಜೀನ್ ಚಿಕಿತ್ಸೆ ಬಂದಿದೆಯಲ್ಲ ಎನ್ನುವವರೂ ಇದ್ದಾರೆ. 2023ರಲ್ಲಿ ಅಮೆರಿಕ ಒಪ್ಪಿದ ಅಂಥ ಚಿಕಿತ್ಸೆಗಳಲ್ಲಿ ಒಂದರ ಬೆಲೆ ಆಗ ಒಬ್ಬರಿಗೆ 22 ಲಕ್ಷ ಡಾಲರ್ ಇತ್ತು. ವರ್ಷಗಟ್ಟಲೆಯ ಆರೈಕೆಯಲ್ಲಿ ಕೊಡುವ ಪೆನಿಸಿಲಿನ್, ಹೈಡ್ರಾಕ್ಸಿಯೂರಿಯಾ ಔಷಧಗಳ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಹಾಗೆ ಜನರ ನಡುವೆಯೇ ಇದ್ದು ನೋಡಿದವರು ನಮ್ಮಲ್ಲೂ ಇದ್ದಾರೆ: ಕರ್ನಾಟಕದ ಸೋಲಿಗ ಬುಡಕಟ್ಟಿನವರಲ್ಲಿ ಈ ರೋಗವನ್ನು ಗುರುತಿಸಿದವರು ಬಿಳಿಗಿರಿರಂಗನ ಬೆಟ್ಟದಲ್ಲೇ ನೆಲೆನಿಂತ ಡಾ. ಎಚ್. ಸುದರ್ಶನ್. ಅಂಥವರು ಎಲ್ಲ ಕಡೆ ಸಿಗುವುದಿಲ್ಲ, ನಿಜ. ಆದರೆ ತಾಯಂದಿರಿಗೆ ಗುಲ್ಮ ಮುಟ್ಟಿನೋಡಲು ಹೇಳಿಕೊಡುವುದು ತರಬೇತಿ ಪಡೆದ ಆಶಾ ಕಾರ್ಯಕರ್ತೆಗೂ ಸಾಧ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಇರಿಸುವುದು ಸರ್ಕಾರದ ಕೆಲಸ. ಇನ್ನು ಮುಂದೆ ಅಭಿಯಾನದ ವರದಿಯಲ್ಲಿ ಎಷ್ಟು ಜನರ ರಕ್ತ ತೆಗೆದರು ಎಂಬುದರ ಪಕ್ಕದಲ್ಲೇ, ಪ್ರತಿ ಹಾಡಿ, ಪೋಡಿನಲ್ಲಿ ರೋಗದೊಂದಿಗೆ ಹುಟ್ಟಿದ ಎಷ್ಟು ಮಕ್ಕಳು ಐದು ವರ್ಷ ದಾಟಿದರು ಎಂಬ ಲೆಕ್ಕವೂ ಇರಲಿ.