ಹೆದರಿಕೆಯ ರುಚಿ ಬಲ್ಲ ನೆಲ

ಬಾದಾಮಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳುವ ಕಥೆ ವಾತಾಪಿ ಮತ್ತು ಇಲ್ವಲರದು. ಅಣ್ಣ ಇಲ್ವಲ ತಮ್ಮನನ್ನು ಟಗರು ಮಾಡುತ್ತಾನೆ, ಕಡಿಯುತ್ತಾನೆ, ಬೇಯಿಸಿ ದಾರಿಹೋಕ ಬ್ರಾಹ್ಮಣರಿಗೆ ಬಡಿಸುತ್ತಾನೆ. ಅವರು ಉಂಡು ತೃಪ್ತರಾಗಿ ಕೂತಿರುವಾಗ ತಮ್ಮನ ಹೆಸರು ಹಿಡಿದು ಕೂಗುತ್ತಾನೆ. ವಾತಾಪಿ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಾನೆ. ಎಷ್ಟೋ ಜನ ಹೀಗೆ ಸತ್ತ ಮೇಲೆ ಅಗಸ್ತ್ಯ ಮುನಿ ಬಂದು, ಉಂಡು, ಹೊಟ್ಟೆ ಸವರಿಕೊಂಡು ರಾಕ್ಷಸನನ್ನು ಅರಗಿಸಿಕೊಳ್ಳುತ್ತಾನೆ. ಊರಿನ ಕೆರೆಗೆ ಅಗಸ್ತ್ಯತೀರ್ಥ ಎಂದೇ ಹೆಸರು. ಅದರ ದಂಡೆಯ ಮೇಲಿರುವುದು ಭೂತನಾಥನ ಗುಡಿ.

1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಏಲಿಯನ್’ ತೆರೆಗೆ ಬಂತು. ಅಂತರಿಕ್ಷ ನೌಕೆಯ ಸಿಬ್ಬಂದಿ ನಗುನಗುತ್ತ ಊಟಕ್ಕೆ ಕೂತಿದ್ದಾಗ ಒಬ್ಬನ ಎದೆ ಸೀಳಿ ಒಂದು ಜೀವಿ ಹೊರಬರುತ್ತದೆ. ಭಯದ ಸಿನಿಮಾ ಮೆಚ್ಚುವವರು ಆ ದೃಶ್ಯವನ್ನು ಇಂದಿಗೂ ನೆನೆಯುತ್ತಾರೆ. ಎರಡೂ ಕಡೆ ಊಟದ ಹೊತ್ತು; ಎರಡೂ ಕಡೆ ವೈರಿ ಅಡಗಿರುವುದು ಮೈಯೊಳಗೆ. ಮನುಷ್ಯ ನಿಶ್ಚಿಂತನಾಗಿರುವ ಗಳಿಗೆಯನ್ನೇ ಹುಡುಕಿ ಬೆಚ್ಚಿಬೀಳಿಸುವ ಕಸುಬು ವಾತಾಪಿಯ ಕಥೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಂಚಿಕೆಯನ್ನು ದೆವ್ವದ ಸಿನಿಮಾ, ಕಾಮಿಕ್ಸ್ ಪುಸ್ತಕ, ಮೆಚ್ಚಿನ ಪಾತ್ರದ ವೇಷ ಕಟ್ಟುವ ಅಭಿಮಾನಿಗಳು, ಈ ಮೂರಕ್ಕೆ ಮೀಸಲಿಟ್ಟಿದ್ದೇವೆ. ಸಾಹಿತ್ಯ ಪತ್ರಿಕೆಯಲ್ಲಿ ಇವಕ್ಕೇನು ಕೆಲಸ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮೇಲಿನ ಗೌರವದಿಂದಲೇ ಉತ್ತರಿಸುತ್ತೇವೆ. ಬಾಗಲಕೋಟೆ ಜಿಲ್ಲೆಗೆ ಈ ಮೂರೂ ಹೊಸವಲ್ಲ, ಹೊರಗಿನವೂ ಅಲ್ಲ. ನಮ್ಮ ಹುಡುಗ ಹುಡುಗಿಯರು ಇವುಗಳ ನಾದಕ್ಕೆ ಬಿದ್ದಿದ್ದರೆ ಅದು ದಾರಿ ತಪ್ಪಿದ್ದಲ್ಲ. ಅವರಿಗೆ ಅಭಿರುಚಿ ಇದೆ. ಅದಕ್ಕೆ ತಕ್ಕ ಕನ್ನಡದ ಪುಟಗಳನ್ನು ನಾವು ಕೊಟ್ಟಿಲ್ಲ.

ಭಯಾನಕ, ಬೀಭತ್ಸಗಳನ್ನು ಭರತನ ನಾಟ್ಯಶಾಸ್ತ್ರ ಶೃಂಗಾರ, ವೀರಗಳ ಸಾಲಿನಲ್ಲೇ ರಸವೆಂದು ಎಣಿಸಿತು. ಹತ್ತನೆಯ ಶತಮಾನದಲ್ಲಿ ನಮ್ಮ ಮುಧೋಳದ ರನ್ನ ಆ ರಸಗಳನ್ನು ಗದಾಯುದ್ಧದಲ್ಲಿ ಕೈತುಂಬ ಬಳಸಿದ. ತಮ್ಮಂದಿರನ್ನೂ ಗೆಳೆಯನನ್ನೂ ಕಳೆದುಕೊಂಡ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ಸುತ್ತ ಹೆಣ, ನೆತ್ತರು. ಅಲ್ಲಿ ಮರುಳುಗಳು, ಅಂದರೆ ಪಿಶಾಚಿಗಳು, ಅವನನ್ನು ಹಂಗಿಸುತ್ತವೆ. ಹಸ್ತಿನಾವತಿಯ ಸಭೆಯಲ್ಲಿ ಹಿರಿಯರು ಹೇಳಿದ ಬುದ್ಧಿಮಾತು ನಾಟದ ಅರಸನಿಗೆ ಹೆಣ ತಿನ್ನುವ ಮರುಳು ಅವನ ಬಾಳಿನ ಲೆಕ್ಕ ಒಪ್ಪಿಸುತ್ತದೆ. ದೆವ್ವದ ಕಥೆಯ ದೊಡ್ಡ ಶಕ್ತಿ ಇದು. ಮನುಷ್ಯರು ಆಡಲಾರದ, ಆಡಿದರೂ ಯಾರೂ ಕೇಳದ ಮಾತನ್ನು ಅದು ದೆವ್ವದ ಬಾಯಿಂದ ಆಡಿಸುತ್ತದೆ.

ಕನ್ನಡ ಸಿನಿಮಾ ಈ ಗುಟ್ಟನ್ನು ಆಗಾಗ ಹಿಡಿದಿದೆ. ‘ಏಲಿಯನ್’ ಬಂದ ವರ್ಷವೇ ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ ಬಂತು. ಅದನ್ನು ನೋಡಿ ಬೆಚ್ಚಿದವರ ಮಕ್ಕಳು 2004ರಲ್ಲಿ ‘ಆಪ್ತಮಿತ್ರ’ದ ನಾಗವಲ್ಲಿಯನ್ನು ಕಂಡರು. ಸೌಂದರ್ಯ ಅವರ ಕಣ್ಣಿನಲ್ಲಿ ಕಂಡದ್ದು ಬರೀ ಹೆದರಿಸುವ ದೆವ್ವವಲ್ಲ, ಅನ್ಯಾಯವಾಗಿ ಸತ್ತ ನರ್ತಕಿಯ ಸಿಟ್ಟು. 2025ರ ‘ಸು ಫ್ರಮ್ ಸೋ’ ಒಂದು ಊರಿನ ನಗುವಿನ ನಡುವೆಯೇ ದೆವ್ವವನ್ನು ತಂದು ಕೂರಿಸಿತು. ಕರಾವಳಿಯ ಮಾತಿನ ಆ ಸಿನಿಮಾವನ್ನು ಇಡೀ ಕರ್ನಾಟಕ ನೋಡಿತು. ಒಳ್ಳೆಯ ದೆವ್ವದ ಸಿನಿಮಾ ಮುಗಿದ ಮೇಲೆ ನೋಡಿದವರು ಮಾತಾಡುವುದು ದೆವ್ವವಾದ ಆ ಹೆಂಗಸಿಗೆ ಏನಾಗಿತ್ತು ಎಂಬುದನ್ನು.

ಇಂಥ ಕಥೆಗಳು ಮೂಢನಂಬಿಕೆ ಬೆಳೆಸುತ್ತವೆ ಎಂಬ ಆಕ್ಷೇಪ ಹಗುರವಾದುದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಾನಾಮತಿ ಎಂಬ ಮಾಟದ ಹೆಸರು ಹೇಳಿ ಬಡವರನ್ನು, ಹೆಚ್ಚಾಗಿ ಹೆಂಗಸರನ್ನು, ಹಿಂಸಿಸಿದ್ದುಂಟು. ಅದನ್ನು ತಡೆಯಲೆಂದೇ ರಾಜ್ಯದಲ್ಲಿ 2017ರಲ್ಲಿ ಕಾಯ್ದೆ ಬಂತು. ಆದರೆ ತೆರೆಯ ಮೇಲಿನ ಭಯವೂ ಬಾಳಿನಲ್ಲಿ ಹೇರಿದ ಭಯವೂ ಒಂದೇ ಅಲ್ಲ. ಬಾನಾಮತಿಯ ಹೆಸರಿನಲ್ಲಿ ಹೆದರಿಸುವವನು ಪ್ರಶ್ನೆ ಕೇಳಗೊಡುವುದಿಲ್ಲ. ಭಯದ ಸಿನಿಮಾ ಮೆಚ್ಚುವ ಹುಡುಗನಾದರೋ ಪ್ರಶ್ನೆ ಕೇಳುತ್ತಲೇ ನೋಡುತ್ತಾನೆ. ಬೆಳಕು ಯಾವ ಕಡೆಯಿಂದ ಬಂತು, ಸದ್ದು ಎಲ್ಲಿ ನಿಂತಿತು, ಮುಖಕ್ಕೆ ಯಾವ ಬಣ್ಣ ಬಳಿದರು ಎಂದು ಗೆಳೆಯರ ಜೊತೆ ಗಂಟೆಗಟ್ಟಲೆ ವಾದಿಸುತ್ತಾನೆ. ದೆವ್ವವನ್ನು ಹೇಗೆ ಕಟ್ಟುತ್ತಾರೆ ಎಂದು ಬಲ್ಲವನಿಗೆ ಯಾರೂ ದೆವ್ವವನ್ನು ಸುಲಭವಾಗಿ ಮಾರಲಾರರು.

ಇನ್ನು ಕಾಮಿಕ್ಸ್. ಚಿತ್ರಗಳನ್ನು ಸಾಲಾಗಿ ಇಟ್ಟು ಕಥೆ ಹೇಳುವ ಕಲೆ ನೋಡಬೇಕಾದರೆ ಬಾದಾಮಿ ತಾಲ್ಲೂಕು ಬಿಟ್ಟು ಹೋಗಬೇಕಿಲ್ಲ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯ ಮೇಲೆ ರಾಮಾಯಣದ ಘಟನೆಗಳು ಒಂದರ ಪಕ್ಕ ಒಂದು ಬರುತ್ತವೆ. ಯಾರು ಯಾರೆಂದು ತಿಳಿಯಲೆಂದು ಪಾತ್ರಗಳ ಹೆಸರನ್ನೂ ಕೆತ್ತಿದ್ದಾರೆ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಂಬಗಳ ಮೇಲಿನ ಪಟ್ಟಿಕೆಗಳಲ್ಲಿ ಪುರಾಣದ ಕಥೆಗಳು ಸಾಲುಗಟ್ಟಿ ಹರಿಯುತ್ತವೆ. ನೋಡುವವರು ನಡೆಯುತ್ತ ಹೋದಂತೆ ಕಥೆ ಮುಂದೆ ಸಾಗುತ್ತದೆ.

ಅಚ್ಚಿನ ಕಾಲಕ್ಕೆ ಬಂದರೂ ಕನ್ನಡ ಹಿಂದೆ ಬಿದ್ದಿರಲಿಲ್ಲ. ಅಮರ ಚಿತ್ರಕಥೆ ಎಂದೊಡನೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರು ನೆನಪಾಗುತ್ತದೆ, ಆಗಲೇಬೇಕು. ಆದರೆ ಆ ಮಾಲೆಯ ಮೊದಲ ಪುಸ್ತಕಗಳು ಬಂದದ್ದು 1965ರಲ್ಲಿ, ಕನ್ನಡದಲ್ಲಿ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಪಶ್ಚಿಮದ ಮಕ್ಕಳ ಕಥೆಗಳ ಆ ಹತ್ತು ಪುಸ್ತಕ ಕನ್ನಡದಲ್ಲಿ ಚೆನ್ನಾಗಿ ಮಾರಾಟವಾದ ಮೇಲೆಯೇ ಇಂಗ್ಲಿಷಿನಲ್ಲೂ ತರಲು ಪ್ರಕಾಶಕರ ಮುಂಬೈ ಕಚೇರಿಗೆ ಧೈರ್ಯ ಬಂತು. ಇಂಗ್ಲಿಷಿನ ‘ಕೃಷ್ಣ’ ಪುಸ್ತಕದ ಸಂಖ್ಯೆ ಹನ್ನೊಂದು ಆದದ್ದು ಇದೇ ಕಾರಣಕ್ಕೆ. ‘ಚಂದಮಾಮ’ದಲ್ಲಿ ಶಂಕರ್ ಬರೆದ ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮ, ‘ಸುಧಾ’ದ ಫ್ಯಾಂಟಮ್, ‘ಬಾಲಮಂಗಳ’ದ ಡಿಂಗ ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕಕ್ಕಿಂತ ಮೊದಲು ಓದಿನ ಹಸಿವು ಹುಟ್ಟಿಸಿದರು.

ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಗಾಬರಿ ಬೇರೆ ಕಡೆಯೂ ಎದ್ದಿತ್ತು. ಅಮೆರಿಕದಲ್ಲಿ 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಬರೆದ ಪುಸ್ತಕ ಆ ಗಾಬರಿಗೆ ಬಲ ಕೊಟ್ಟಿತು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಗಳಿಂದ ಭಯದ ಕಾಮಿಕ್ಸ್ ಮುಚ್ಚಿಹೋದವು. 2012ರಲ್ಲಿ ಸಂಶೋಧಕಿ ಕ್ಯಾರಲ್ ಟಿಲ್ಲಿ ವರ್ಥಮ್ ಅವರ ಕಾಗದಪತ್ರಗಳನ್ನು ತೆಗೆದು ನೋಡಿ, ಅವರು ಮಕ್ಕಳ ಮಾತುಗಳನ್ನು ತಿರುಚಿದ್ದನ್ನು ತೋರಿಸಿಕೊಟ್ಟರು. ಅಷ್ಟರಲ್ಲಿ ಒಂದು ಕಲೆಗೆ ಆಗಬೇಕಾದ ನಷ್ಟ ಆಗಿಹೋಗಿತ್ತು.

ವೇಷದ ಮಾತಿಗೆ ಬಂದರೆ ಬಾಗಲಕೋಟೆಗೆ ಯಾರೂ ಪಾಠ ಹೇಳಬೇಕಿಲ್ಲ. ಹೋಳಿ ಹುಣ್ಣಿಮೆಯ ದಿನಗಳಲ್ಲಿ ಹಲಗೆಯ ಸದ್ದಿನ ನಡುವೆ ಇಲ್ಲಿ ಸೋಗಿನ ಬಂಡಿ ಹೊರಡುತ್ತದೆ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆಯ ಜನ ಪುರಾಣದ, ಇತಿಹಾಸದ ಪಾತ್ರಗಳಾಗಿ ಬಂಡಿ ಏರುತ್ತಾರೆ. ಓಣಿ ಓಣಿಗೆ ಪೈಪೋಟಿ. ನೋಡಲು ನಿಂತವರು ಕಿರೀಟ, ಗದೆ, ಬಣ್ಣಗಳನ್ನು ತೂಗಿ ನೋಡಿ ಹೊಗಳುತ್ತಾರೆ, ತಪ್ಪನ್ನೂ ಹಿಡಿಯುತ್ತಾರೆ. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ಮೆಚ್ಚಿನ ನಟ ಬಂದೊಡನೆ ಏಳುವ ಶಿಳ್ಳೆ, ಸಂಭಾಷಣೆಯನ್ನು ನಟನಿಗಿಂತ ಮೊದಲೇ ಹೇಳಿಬಿಡುವ ಪ್ರೇಕ್ಷಕ, ಇವೆಲ್ಲ ಅಪ್ಪಟ ಅಭಿಮಾನಿ ಸಂಸ್ಕೃತಿ.

1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಾಸ್ ಭವಿಷ್ಯದ ಕಾಲದ ಉಡುಪು ತೊಟ್ಟು ಹೋದರು. ಹೊಲಿದವರು ಡಗ್ಲಾಸ್. ಮೆಚ್ಚಿನ ಪಾತ್ರದ ವೇಷ ಕಟ್ಟುವ ಇಂದಿನ ಕಾಸ್‌ಪ್ಲೇ ಪದ್ಧತಿಯ ಇತಿಹಾಸ ಹೇಳುವವರು ಅಲ್ಲಿಂದ ಶುರು ಮಾಡುತ್ತಾರೆ. ಬೆಂಗಳೂರಿಗೆ 2012ರಲ್ಲಿ ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಕಾಮಿಕ್ ಕಾನ್ ಬಂತು. ರಟ್ಟು, ಫೋಮು, ಬಣ್ಣದಿಂದ ತಾವೇ ಕವಚ ಮಾಡಿಕೊಂಡು ಅಲ್ಲಿಗೆ ಹೋಗುವ ಯುವಕರಿಗೂ ಸೋಗಿನ ಬಂಡಿ ಏರುವವರಿಗೂ ಇರುವುದು ಒಂದೇ ಆಸೆ: ಮೆಚ್ಚಿದ ಕಥೆಯೊಳಗೆ ತಾವೂ ಒಂದು ದಿನ ಇರಬೇಕು, ಅದನ್ನು ಮೆಚ್ಚಿದ ಇನ್ನೊಬ್ಬರು ತಮ್ಮನ್ನು ಗುರುತು ಹಿಡಿಯಬೇಕು.

ಹಾಗಾದರೆ ಕೊರತೆ ಎಲ್ಲಿದೆ? ಹುನಗುಂದದಲ್ಲೋ ಇಳಕಲ್ಲಿನಲ್ಲೋ ಚಿತ್ರ ಬರೆಯುವ ಹುಡುಗಿಯ ನೋಟ್‌ಬುಕ್ಕಿನಲ್ಲಿ ಬ್ಯಾಟ್‌ಮ್ಯಾನ್ ಇರುತ್ತಾನೆ, ಜಪಾನಿನ ಮಾಂಗಾ ಮುಖಗಳಿರುತ್ತವೆ. ಇರಲಿ, ಅವೂ ಬೇಕು. ಅವಳ ಊರಿನ ಕಥೆ ಅಲ್ಲಿಲ್ಲದಿರುವುದಕ್ಕೆ ಮಾತ್ರ ನಾವು ಹೊಣೆ. ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನಿಗೆ ನಡುರಾತ್ರಿ ಪಕ್ಕದ ಖಾಲಿ ಮಗ್ಗದ ಲಾಳಿ ಓಡಿದ ಸದ್ದು ಕೇಳಿದರೆ? ಆಲಮಟ್ಟಿ ಹಿನ್ನೀರಿಗೆ ಮುಳುಗಿದ ಹಳೆ ಬಾಗಲಕೋಟೆಯ ಓಣಿಯಿಂದ ಯಾರೋ ನವನಗರಕ್ಕೆ ಮನೆ ಹುಡುಕಿಕೊಂಡು ಬಂದರೆ? ಈ ಕಥೆಗಳನ್ನು ಇಲ್ಲಿಯವರು ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು.

ಶಾಲೆಗಳ ಚಿತ್ರಕಲಾ ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ಮಕ್ಕಳಿಂದ ಒಂದು ಕಾಮಿಕ್ಸ್ ಬರೆಸಲಿ. ಗ್ರಂಥಾಲಯಗಳು ಕನ್ನಡ ಕಾಮಿಕ್ಸ್‌ಗೆ ಒಂದು ಕಪಾಟು ಕೊಡಲಿ. ಹಳೆಯ ‘ಚಂದಮಾಮ’, ‘ಬಾಲಮಂಗಳ’ದ ಕಟ್ಟುಗಳು ಅಟ್ಟದ ಮೇಲಿದ್ದರೆ ರದ್ದಿಗೆ ಹಾಕದೆ ಮೊಮ್ಮಕ್ಕಳ ಕೈಗೆ ಕೊಡಿ. ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇವೆ: ಮುಂದಿನ ಸಂಚಿಕೆಯಿಂದ ಎಂಟು ಪುಟ ಕನ್ನಡ ಕಾಮಿಕ್ಸ್‌ಗೆ ಮೀಸಲು. ವಯಸ್ಸಿನ ನಿರ್ಬಂಧವಿಲ್ಲ, ಹೆಸರು ಮಾಡಿರಬೇಕೆಂದಿಲ್ಲ. ಕಥೆ ನಿಮ್ಮ ಊರಿನದಾಗಿರಲಿ, ಮಾತು ನಿಮ್ಮ ಮನೆಯದಾಗಿರಲಿ. ಬರೆದು ಕಳಿಸಿ.