ಗುಂಡಿ ಸವೆದರೆ ಮೌಸ್ ಎಸೆಯಬೇಕೆ?

ಶಿರಗುಪ್ಪಿಯಂಥ ಊರಿನ ಝೆರಾಕ್ಸ್ ಅಂಗಡಿಯಲ್ಲಿ ಮೌಸನ್ನು ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗತೊಡಗಿದಾಗ ಬೈಗುಳ ಬೀಳುವುದು ಎರೆಮಣ್ಣಿನ ದೂಳಿಗೆ. ದೂಳಿನ ಪಾಲು ಇಲ್ಲವೆಂದಲ್ಲ. ಆದರೆ ದೋಷ ಹೆಚ್ಚಾಗಿ ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚಿನದು. ಅದರೊಳಗಿನ ತೆಳು ಲೋಹದ ಪಟ್ಟಿ ಲಕ್ಷಾಂತರ ಸಲ ಬಾಗಿ ಬಿಗಿ ಕಳೆದುಕೊಳ್ಳುತ್ತದೆ, ತುದಿಗೆ ಕಿಲುಬು ಹಿಡಿಯುತ್ತದೆ. ಮೌಸಿನಲ್ಲಿ ಹರಿಯುವ ಅಲ್ಪ ವಿದ್ಯುತ್ತಿಗೆ ಆ ಪದರವನ್ನು ಸುಟ್ಟು ತೆಗೆಯುವ ಕಸುವಿಲ್ಲ. ಬೆಸುಗೆ ಬಲ್ಲ ಮೊಬೈಲ್ ರಿಪೇರಿಯವರು ಮೂರು ಕಾಲಿನ ಈ ಸ್ವಿಚ್ಚನ್ನು ಬದಲಿಸಬಲ್ಲರು. ಅಗ್ಗದ ಮೌಸಿಗೆ ಕೂಲಿಯೇ ಹೆಚ್ಚಾಯಿತು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅಷ್ಟಾಗಿ ಬಳಕೆಯಾಗದ ಬಲಗುಂಡಿಯ ಸ್ವಿಚ್ಚು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಎರಡೂ ಒಂದೇ ನಮೂನೆಯವಾದರೆ ಅದಲುಬದಲು ಮಾಡಿದರಾಯಿತು, ಬಿಡಿಭಾಗದ ಖರ್ಚಾದರೂ ಉಳಿಯುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬೆಸುಗೆಯಿಲ್ಲದೆ ಕಿತ್ತು ಕೂರಿಸಬಹುದಾದ ಸ್ವಿಚ್ಚು ಕೊಡುವ ಹೊಣೆಯನ್ನೂ ಅವರಿಗೇ ಸೇರಿಸಬೇಕು.