ಸೊನ್ನೆಯನ್ನೂ ಬರೆಯಿರಿ



ಸಂಕ್ರಾಂತಿಯ ಎಳ್ಳುಬೆಲ್ಲ ಬೀರಿ ಮುಗಿಯಿತೇ? ಹಾಗಾದರೆ ಒಂದು ದಿನ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ನಿಮ್ಮೂರ ಕೆರೆ ಏರಿಯ ಮೇಲೆ ಹೋಗಿಬನ್ನಿ. ನೀರಿನಂಚಿನಲ್ಲಿ ಬೂದುಬಣ್ಣದ ದೊಡ್ಡ ಬಾತುಗಳಿದ್ದು, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಕಂಡರೆ ಅವೇ ಪಟ್ಟೆತಲೆ ಹೆಬ್ಬಾತುಗಳು.

ಇವು ಮರಿ ಮಾಡುವ ಊರು ಯಾವುದು ಗೊತ್ತೇ? ಲಡಾಖ್, ಟಿಬೆಟ್, ಮಂಗೋಲಿಯಾ! ಲಡಾಖಿನ ತ್ಸೋ ಮೊರಿರಿ, ತ್ಸೋ ಕರ್ ಸರೋವರಗಳು ಇರುವುದು ಸುಮಾರು ನಾಲ್ಕೂವರೆ ಸಾವಿರ ಮೀಟರು ಎತ್ತರದಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ಹಿಮಾಲಯ ದಾಟಿ ನಮ್ಮ ಕಡೆಗೆ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಬಾತು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಂಡಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗಂತೂ ಸಾವಿರಾರು ಬಂದು, ಹಗಲು ನೀರಲ್ಲಿದ್ದು ರಾತ್ರಿ ಹೊಲಗಳಲ್ಲಿ ಮೇಯುತ್ತವೆ.

ಆ ಎತ್ತರದ ಕೆರೆಗಳಿಗೂ ಈಗ ಕಷ್ಟ ಬಂದಿದೆ. ಪ್ರವಾಸಿಗರ ವಾಹನ ದಡದವರೆಗೂ ನುಗ್ಗುತ್ತವೆ. ಎಸೆದ ಊಟ ತಿಂದು ಬೆಳೆದ ಬೀದಿನಾಯಿಗಳು ನೆಲದ ಮೇಲಿನ ಗೂಡಿನ ಮೊಟ್ಟೆ, ಮರಿಗಳನ್ನು ಬಿಡುವುದಿಲ್ಲ. ನಾವು ಅಲ್ಲಿಗೆ ಹೋಗಿ ನೋಡಲಾದೀತೇ? ಆದರೆ ತವರಿಗೆ ಬಂದ ಮಗಳ ಮುಖ ನೋಡಿಯೇ ಅತ್ತೆಮನೆಯ ಸಂಗತಿ ಊಹಿಸುತ್ತೇವಲ್ಲ, ಹಾಗೆ ಇಲ್ಲಿ ಎಣಿಸಿದರೂ ಅಲ್ಲಿಯ ಸುಳಿವು ಸಿಗುತ್ತದೆ. ಅದಕ್ಕೇ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ.

ಒಂದೇ ಕೆರೆಯ, ಒಂದೇ ವರ್ಷದ ಲೆಕ್ಕ ನಂಬುವ ಹಾಗಿಲ್ಲ ಎನ್ನಿ. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಅಂಥ ವರ್ಷ ಎಲ್ಲೆಲ್ಲೂ ನೀರು. ಹಕ್ಕಿಗಳು ಚದುರಿಹೋಗುತ್ತವೆ. ಆದ್ದರಿಂದ ಹೊಸದುರ್ಗದಲ್ಲೂ ಎಣಿಸಬೇಕು, ಹೊಳಲ್ಕೆರೆಯಲ್ಲೂ ಎಣಿಸಬೇಕು, ವರ್ಷ ವರ್ಷವೂ ಎಣಿಸಬೇಕು.

ಈ ಲೆಕ್ಕಕ್ಕೆ ಬೆಲೆಯೂ ಉಂಟು. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಲ್ಲಿ ಆದ ಒಪ್ಪಂದದಂತೆ ಮುಖ್ಯ ಕೆರೆಗಳ ಪಟ್ಟಿಯೊಂದಿದೆ. ಒಂದು ಜಾತಿಯ ಹಕ್ಕಿಗಳಲ್ಲಿ ನೂರಕ್ಕೊಂದು ಪಾಲು ಅಲ್ಲಿಗೆ ತಪ್ಪದೆ ಬರುತ್ತವೆಂದು ತೋರಿಸುವುದು ಆ ಪಟ್ಟಿಗೆ ಸೇರುವ ದಾರಿಗಳಲ್ಲೊಂದು. ತ್ಸೋ ಮೊರಿರಿ 2002ರಲ್ಲಿ, ತ್ಸೋ ಕರ್ 2020ರಲ್ಲಿ, ನಮ್ಮ ಮಾಗಡಿ ಕೆರೆ 2024ರಲ್ಲಿ ಸೇರಿದವು.

ಎಣಿಸುವುದು ಕಷ್ಟವೇನಲ್ಲ. ಮೊರದಲ್ಲಿ ಹರಡಿದ ಕಡಲೆಬೀಜ ಅಂದುಕೊಳ್ಳಿ. ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ನೋಡಿ, ಅಂಥ ಹತ್ತುಗಳು ಎಷ್ಟಿವೆ ಅಂತ ಎಡದಿಂದ ಬಲಕ್ಕೆ ನೋಡುತ್ತ ಹೋಗಿ. ಇಬ್ಬರು ಬೇರೆ ಬೇರೆ ಎಣಿಸಿದರೆ ಇನ್ನೂ ಒಳ್ಳೆಯದು. ಏರಿಯಿಂದ ಕೆಳಗಿಳಿಯಬೇಡಿ, ಮಕ್ಕಳ ಕೈಯಲ್ಲಿ ಕಲ್ಲಿರದಂತೆ ನೋಡಿಕೊಳ್ಳಿ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ತವರೂರ ಕೆರೆಯಲ್ಲಿ ಇಪ್ಪತ್ತಮೂರು ಬಾತು ಎಣಿಸಿ ಹಿಗ್ಗಿದ್ದೆ. ಮರುವರ್ಷ ಚಳಿಯಲ್ಲಿ ಎರಡು ಗಂಟೆ ನಿಂತರೂ ಒಂದೂ ಇಲ್ಲ. ಇಲ್ಲದ್ದನ್ನು ಏನಂತ ಬರೆಯೋದು ಅಂತ ಹಾಳೆ ಮಡಿಚಿ ಸಾಸಿವೆ ಡಬ್ಬಿಯ ಕೆಳಗಿಟ್ಟೆ. ಎಷ್ಟೋ ದಿನದ ಮೇಲೆ, ಗಣತಿಗೆ ಹೋಗುವ ಮೈದುನನ ಮಗ ಕೇಳಿದ: "ದೊಡ್ಡಮ್ಮ, ಆ ವರ್ಷ ಹಕ್ಕಿ ಬರಲಿಲ್ವೋ, ನೀವು ಹೋಗಲಿಲ್ವೋ? ಲೆಕ್ಕ ನೋಡಿದವರಿಗೆ ಹ್ಯಾಗೆ ಗೊತ್ತಾಗಬೇಕು?"

ಉತ್ತರ ಹೇಳಲು ಬಾಯಿ ಬರಲಿಲ್ಲ. ಆ ವರ್ಷದ ಜಾಗ ಖಾಲಿಯೇ ಉಳಿಯಿತು. ಈಗ ತಾರೀಖು, ಹೊತ್ತು, ಕೆರೆಯ ಹೆಸರು, ನೀರೆಷ್ಟಿದೆ ಎಂಬುದು, ಹಕ್ಕಿ ಎಷ್ಟು, ಇಲ್ಲದಿದ್ದರೆ ದೊಡ್ಡದಾಗಿ ಸೊನ್ನೆ, ಎಲ್ಲ ಬರೆದು ಅವನ ಕೈಗೇ ಕೊಡುತ್ತೇನೆ.

ಹಿತಕಿದ ಅವರೆಯ ಸಾರು ಕೇಳಿ ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ.